ಪ್ಲೇಟ್‌ಲೆಟ್ ಕೊಡುವ ಯಜಮಾನರಿಗೆ ಮನೆಯಿಂದ ಏನು ಮಾಡಬಹುದು?

ಪುನರ್ಪುಳಿ, ಪೆರ್ಲ

ಎಲ್ಲರಿಗೂ ನಮಸ್ಕಾರ. ನಮ್ಮ ಯಜಮಾನರಿಗೆ 41 ವರ್ಷ, ತೂಕ 68 ಕಿಲೋ, ಬಿ ಪಾಸಿಟಿವ್. ನಾಲ್ಕು ವರ್ಷಗಳಿಂದ ಹೆಚ್ಚುಕಡಿಮೆ ತಿಂಗಳಿಗೊಂದು ಸಲ, ಮಳೆಗಾಲದಲ್ಲಿ ಕೆಲವೊಮ್ಮೆ ಎರಡು ಸಲ, ಮಂಗಳೂರಿಗೆ ಹೋಗಿ, ರಕ್ತ ಹೆಪ್ಪುಗಟ್ಟಲು ಬೇಕಾದ ಕಣಗಳಾದ ಪ್ಲೇಟ್‌ಲೆಟ್ ಕೊಟ್ಟು ಬರುತ್ತಾರೆ. ಮನೆಯಲ್ಲಿ ಅಡಿಕೆ ತೋಟ ಇದೆ, ಕೆಲಸವೆಲ್ಲ ಇವರದ್ದೇ.

ಅಕ್ಟೋಬರ್ 1ರ ರಾಷ್ಟ್ರೀಯ ಸ್ವಯಂಪ್ರೇರಿತ ರಕ್ತದಾನ ದಿನಕ್ಕೆ ಶಾಲು ಹೊದೆಸಿ ಸನ್ಮಾನ ಮಾಡುತ್ತೇವೆಂದು ಊರಿನವರು ಹೊರಟಿದ್ದಾರೆ. ಇವರಿಗೆ ವೇದಿಕೆ ಹತ್ತುವುದೆಂದರೆ ಆಗುವುದಿಲ್ಲ. ನನಗೆ ಇವರ ಮೇಲೆ ತುಂಬ ಹೆಮ್ಮೆ. ಅದನ್ನು ಬಾಯಲ್ಲಿ ಹೇಳಿದರೆ ನಕ್ಕು ಸುಮ್ಮನಾಗುತ್ತಾರೆ. ಅದಕ್ಕೆ ಇವರಿಗೆ ನಿಜವಾಗಿ ಉಪಯೋಗಕ್ಕೆ ಬರುವ ಹಾಗೆ ಏನಾದರೂ ಮಾಡಬೇಕೆಂದಿದ್ದೇನೆ. ಹೋಗುವ ಮೊದಲು ಏನು ಬಡಿಸಬೇಕು, ಬಂದ ಮೇಲೆ ಏನು ನೋಡಿಕೊಳ್ಳಬೇಕು, ಇಷ್ಟು ಸಲ ಕೊಟ್ಟರೆ ಮೈಗೆ ತೊಂದರೆ ಇಲ್ಲವೇ? ಈ ಕೆಲಸ ಗೊತ್ತಿರುವವರು ದಯವಿಟ್ಟು ವಿವರವಾಗಿ ಹೇಳಿ.

ಬದಿಯಡ್ಕ ಲ್ಯಾಬ್

ಅಕ್ಕ, ಯಂತ್ರದಲ್ಲಿ ಏನಾಗುತ್ತದೆ ಎಂದು ಮೊದಲು ಹೇಳುತ್ತೇನೆ. ಅದು ತಿಳಿದರೆ ಮನೆಯಲ್ಲಿ ಯಾವುದಕ್ಕೆ ಗಮನ ಕೊಡಬೇಕೆಂದು ನಿಮಗೇ ಅಂದಾಜಾಗುತ್ತದೆ.

ಮೊಣಕೈ ಮಡಿಕೆಯ ದೊಡ್ಡ ನರಕ್ಕೆ ಸೂಜಿ ಹಾಕುತ್ತಾರೆ. ಯಂತ್ರ ರಕ್ತವನ್ನು ಸ್ವಲ್ಪ ಸ್ವಲ್ಪವಾಗಿ ಎಳೆದು, ಗಿರಗಿರನೆ ತಿರುಗಿಸಿ, ಪ್ಲೇಟ್‌ಲೆಟ್ ಮಾತ್ರ ಚೀಲಕ್ಕೆ ಇಳಿಸಿಕೊಂಡು, ಕೆಂಪುಕಣಗಳನ್ನೂ ರಕ್ತದ ನೀರಿನಂಥ ಭಾಗವಾದ ಪ್ಲಾಸ್ಮಾದ ಹೆಚ್ಚಿನ ಪಾಲನ್ನೂ ಮೈಗೆ ಮರಳಿಸುತ್ತದೆ. ಹೀಗೆ ಮೂರು ನಾಲ್ಕು ಲೀಟರಿನಷ್ಟು ರಕ್ತ ಯಂತ್ರವನ್ನು ಸುತ್ತಿ ಬರುತ್ತದೆ. ಯಂತ್ರದಲ್ಲಿ ಕೂರುವ ಹೊತ್ತು 45ರಿಂದ 90 ನಿಮಿಷ. ಪರೀಕ್ಷೆ, ವಿಶ್ರಾಂತಿ ಸೇರಿದರೆ ಎರಡು ಎರಡೂವರೆ ತಾಸು. ಕೊನೆಗೆ ಸಿಗುವುದು 200ರಿಂದ 300 ಮಿಲಿಲೀಟರಿನ ತಿಳಿಹಳದಿ ಚೀಲ. ಅದರಲ್ಲಿ ಕಡಿಮೆಯೆಂದರೂ ಮೂವತ್ತು ಸಾವಿರ ಕೋಟಿ ಪ್ಲೇಟ್‌ಲೆಟ್ ಇರಬೇಕು. ಸಾಮಾನ್ಯ ರಕ್ತದಾನದಿಂದ ಇಷ್ಟನ್ನು ಕೂಡಿಸಲು ಐದಾರು ಮಂದಿಯ ರಕ್ತ ಬೇಕು. ಒಬ್ಬರಿಂದಲೇ ಸಿಕ್ಕಿದರೆ ರೋಗಿಯ ಮೈ ಒಬ್ಬರ ರಕ್ತವನ್ನಷ್ಟೇ ಎದುರಿಸಿದರೆ ಸಾಕು. ರಕ್ತದ ಕ್ಯಾನ್ಸರಿನವರಿಗೆ ಎರಡು ಮೂರು ದಿನಕ್ಕೊಮ್ಮೆ ಏರಿಸಬೇಕಾಗಿ ಬರುವುದುಂಟು. ಅಂಥವರಿಗೆ ಇದು ದೊಡ್ಡ ಮಾತು.

ಈ ಚೀಲವನ್ನು ಫ್ರಿಜ್ಜಿನಲ್ಲಿ ಇಡುವ ಹಾಗಿಲ್ಲ. 20ರಿಂದ 24 ಡಿಗ್ರಿಯಲ್ಲಿ, ಅಲುಗಾಡಿಸುತ್ತಲೇ ಇರುವ ಯಂತ್ರದಲ್ಲಿಟ್ಟರೂ ಬರೀ 5 ದಿನ. ಕೆಂಪುರಕ್ತ 35 ದಿನ ಉಳಿಯುತ್ತದೆ, ಇದು ಉಳಿಯುವುದಿಲ್ಲ. ಹಾಗಾಗಿಯೇ ದಾಸ್ತಾನಿಗಿಂತ ನಿಮ್ಮ ಯಜಮಾನರಂಥ, ಕರೆದಾಗ ಬರುವ ದಾನಿಗಳ ಮೇಲೆಯೇ ಹೆಚ್ಚು ಭಾರ ಬೀಳುವುದು.

ಈಗ ನಿಮ್ಮ ಭಯದ ವಿಚಾರ. ಒಂದು ಸಲ ಕೊಟ್ಟರೆ ಪ್ಲೇಟ್‌ಲೆಟ್ ಎಣಿಕೆ (ಕೌಂಟ್) ಸುಮಾರು ಕಾಲು ಪಾಲು ಇಳಿಯುತ್ತದೆ, ಎರಡು ಮೂರು ದಿನದಲ್ಲಿ ಮೊದಲಿನಂತಾಗುತ್ತದೆ. ನಮ್ಮ ದೇಶದ ನಿಯಮದಲ್ಲಿ ಎರಡು ದಾನದ ನಡುವೆ ಕಡಿಮೆಯೆಂದರೆ 48 ಗಂಟೆ ಇರಬೇಕು, ವಾರಕ್ಕೆ 2ಕ್ಕಿಂತ ಹೆಚ್ಚಿಲ್ಲ, ವರ್ಷಕ್ಕೆ 24ಕ್ಕಿಂತ ಹೆಚ್ಚಿಲ್ಲ. ವಯಸ್ಸು 18ರಿಂದ 60, ತೂಕ 50 ಕಿಲೋ, ಹಿಮೋಗ್ಲೋಬಿನ್ 12.5, ಪ್ಲೇಟ್‌ಲೆಟ್ ಒಂದೂವರೆ ಲಕ್ಷದ ಮೇಲೆ. ತಿಂಗಳಿಗೆ ಒಂದೆರಡು ಸಲ ಎಂಬುದು ಮಿತಿಯ ಒಳಗೇ ಇದೆ. ಆದರೆ ನಡುವೆ ಯಾವುದಾದರೂ ಶಿಬಿರದಲ್ಲಿ ಇಡೀ ರಕ್ತ (ಬೇರ್ಪಡಿಸದೆ, ಸಾಮಾನ್ಯ ರಕ್ತದಾನದಂತೆ) ಕೊಟ್ಟರೆ, ಮತ್ತೆ 28 ದಿನ ಪ್ಲೇಟ್‌ಲೆಟ್ ಕೊಡುವಂತಿಲ್ಲ. ಯಂತ್ರ ಅರ್ಧದಲ್ಲಿ ನಿಂತು ಕೆಂಪುಕಣ ಮರಳಿ ಬರದೇ ಹೋದರೆ ಎಷ್ಟು ಕಾಯಬೇಕೆಂದು ಅಲ್ಲಿಯೇ ಕೇಳಿ ಬರೆಸಿಕೊಳ್ಳಬೇಕು. ಅದು ಇಡೀ ರಕ್ತ ಕೊಟ್ಟ ಲೆಕ್ಕಕ್ಕೆ ಹತ್ತಿರ.

ಇನ್ನೊಂದು ಮುಖ್ಯ ವಿಷಯ. ರಕ್ತ ಕೊಳವೆಯಲ್ಲಿ ಹೆಪ್ಪುಗಟ್ಟದಿರಲು ಸಿಟ್ರೇಟ್ ದ್ರಾವಣ ಬೆರೆಸುತ್ತಾರೆ. ಅದು ರಕ್ತದ ಕ್ಯಾಲ್ಸಿಯಂ ಹಿಡಿದುಕೊಳ್ಳುತ್ತದೆ. ಮರಳಿ ಬರುವ ಹೊತ್ತಿಗೆ ತುಟಿ, ನಾಲಗೆ ತುದಿ, ಬೆರಳು ಜುಮುಜುಮು ಎನ್ನುತ್ತದೆ, ಚಳಿಯಾಗುತ್ತದೆ. ಹೇಳಿದ ಕೂಡಲೇ ಟೆಕ್ನಿಶಿಯನ್ ಮರಳಿಸುವ ವೇಗ ತಗ್ಗಿಸಿ ಕ್ಯಾಲ್ಸಿಯಂ ಮಾತ್ರೆ ಕೊಡುತ್ತಾರೆ, ಕೆಲವೇ ನಿಮಿಷದಲ್ಲಿ ಕಡಿಮೆಯಾಗುತ್ತದೆ. ಹೇಳದೆ ತಡೆದುಕೊಂಡರೆ ಕೈ ಸೆಟೆದುಕೊಳ್ಳುವವರೆಗೆ ಹೋಗಬಹುದು. ಹಳೆ ದಾನಿಗಳಲ್ಲಿ ಇದೊಂದು ಕೆಟ್ಟ ಅಭ್ಯಾಸ, ಇಷ್ಟಕ್ಕೆಲ್ಲ ಯಾಕೆ ಕರೆಯುವುದು ಎಂದು ಸುಮ್ಮನಿರುತ್ತಾರೆ. ನೀವು ಮನೆಯಲ್ಲೇ ಗಟ್ಟಿಯಾಗಿ ಹೇಳಿ ಕಳುಹಿಸಿ, ತುಟಿ ಜುಮ್ಮೆಂದರೆ ಆಗಲೇ ಹೇಳಬೇಕೆಂದು.

ಬೇಳದ ಡಯಟೀಶಿಯನ್

ಊಟದ ವಿಷಯ ನಾನು ಹೇಳುತ್ತೇನೆ. ಪ್ರೀತಿಯಿಂದ ಮಾಡುವ ತಪ್ಪುಗಳು ಆಗುವುದು ಇಲ್ಲಿಯೇ.

ನಾಳೆ ರಕ್ತ ಕೊಡಲಿಕ್ಕಿದೆ, ಗಟ್ಟಿಯಾಗಿ ಉಣ್ಣಲಿ ಎಂದು ಹಿಂದಿನ ರಾತ್ರಿ ಕೋಳಿ ಸುಕ್ಕ, ಪರೋಟ, ತುಪ್ಪ ಹಾಕಿದ ಹೋಳಿಗೆ ಬಡಿಸುತ್ತಾರೆ. ಜಿಡ್ಡು ಹೆಚ್ಚಾದರೆ ಪ್ಲಾಸ್ಮಾ ಹಾಲಿನಂತೆ ಬೆಳ್ಳಗಾಗುತ್ತದೆ. ಯಂತ್ರ ಪದರಗಳನ್ನು ಗುರುತಿಸುವುದು ಬೆಳಕಿನಿಂದ, ಬೆಳ್ಳಗಿನ ಪ್ಲಾಸ್ಮಾದಲ್ಲಿ ಅದಕ್ಕೆ ಗೊಂದಲವಾಗುತ್ತದೆ. ಚೀಲ ತುಂಬಿದರೂ ತಿರಸ್ಕರಿಸಬೇಕಾಗಬಹುದು. ಹಾಗಾಗಿ ಹಿಂದಿನ ರಾತ್ರಿಯಿಂದಲೇ ತೆಂಗಿನಹಾಲಿನ ಪಾಯಸ, ನೇಂದ್ರ ಚಿಪ್ಸ್, ಗೋಳಿಬಜೆ, ಕರಿದ ಮೀನು ಯಾವುದೂ ಬೇಡ. ಮದುವೆ, ಬ್ರಹ್ಮಕಲಶದ ಊಟ ಇದ್ದರೆ ದಾನವನ್ನು ಒಂದು ದಿನ ಮುಂದೆ ಹಾಕುವುದೇ ಲೇಸು.

ಹಾಗೆಂದು ಉಪವಾಸ ಕಳುಹಿಸಲೇಬಾರದು. ಖಾಲಿ ಹೊಟ್ಟೆಯಲ್ಲಿ ಹೋದರೆ ತಲೆಸುತ್ತು ಬರುವ ಸಾಧ್ಯತೆ ಹೆಚ್ಚು. ಹೊರಡುವ ಮೊದಲು ನೀರುದೋಸೆ ಬೆಲ್ಲ, ಇಡ್ಲಿ ಸಾಂಬಾರು, ಅಥವಾ ಕುಚ್ಚಲಕ್ಕಿ ಗಂಜಿಗೆ ಹೆಸರುಕಾಳು ಪಲ್ಯ ಚೆನ್ನಾಗಿರುತ್ತದೆ. ಚಟ್ನಿಗೆ ಕಾಯಿ ಸ್ವಲ್ಪ ಕಡಿಮೆ ಇರಲಿ. ಪೆರ್ಲದಿಂದ ಹೊರಟು ಮಂಗಳೂರು ಮುಟ್ಟಿ ಸರದಿ ಬರುವಾಗ ಮೂರು ತಾಸು ದಾಟುತ್ತದೆ, ಚೀಲದಲ್ಲಿ ಎರಡು ಬಾಳೆಹಣ್ಣು ಇಟ್ಟುಬಿಡಿ. ಹಿಂದಿನ ದಿನದಿಂದ ನೀರು ಚೆನ್ನಾಗಿ ಕುಡಿಯಲಿ, ಸೂಜಿ ಹಾಕುವ ಅರ್ಧ ಗಂಟೆ ಮುಂಚೆ ಅರ್ಧ ಲೀಟರ್ ಬೇರೆ. ನೀರು ಕುಡಿದರೆ ನರ ತುಂಬಿ ನಿಲ್ಲುತ್ತದೆ, ಸೂಜಿ ಒಂದೇ ಸಲಕ್ಕೆ ಸಿಗುತ್ತದೆ. ಕೂರುವ ಮೊದಲು ಶೌಚಕ್ಕೆ ಹೋಗಿ ಬರಲು ಹೇಳಿ, ನಡುವೆ ಏಳಲಾಗುವುದಿಲ್ಲ.

ಕ್ಯಾಲ್ಸಿಯಂ ಎಂದು ಆ ದಿನ ಬೆಳಗ್ಗೆ ದೊಡ್ಡ ಲೋಟ ಕೆನೆಹಾಲು ಕುಡಿಸಬೇಡಿ, ಅದೂ ಜಿಡ್ಡೇ. ಉಳಿದ ದಿನಗಳಲ್ಲಿ ರಾಗಿ ಅಂಬಲಿ, ಎಳ್ಳು, ಮಜ್ಜಿಗೆ, ಮೀನು ತಿನ್ನುವವರಾದರೆ ಮುಳ್ಳು ಸಮೇತ ತಿನ್ನಬಹುದಾದ ಸಣ್ಣ ಬೂತಾಯಿ.

ಹೆಚ್ಚಿನವರು ಮರೆಯುವುದು ಕಬ್ಬಿಣದಂಶ. ಕೆಂಪುಕಣ ಮರಳಿ ಬಂದರೂ ಪ್ರತಿ ಸಲ ಕೊಳವೆಯಲ್ಲಿ ಉಳಿಯುವುದು, ಪರೀಕ್ಷೆಗೆ ತೆಗೆಯುವುದು ಎಂದು ಸ್ವಲ್ಪ ಹೋಗುತ್ತದೆ. ವರ್ಷಕ್ಕೆ ಹನ್ನೆರಡು ಹದಿನೈದು ಸಲವಾದರೆ ಅದು ಸಣ್ಣ ಲೆಕ್ಕವಲ್ಲ. ಹಿಮೋಗ್ಲೋಬಿನ್ 13.5 ತೋರಿಸುತ್ತಿದ್ದರೂ ಒಳಗಿನ ಸಂಗ್ರಹ ಬರಿದಾಗಿರಬಹುದು. ಅದನ್ನು ತೋರಿಸುವುದು ಫೆರಿಟಿನ್ ಪರೀಕ್ಷೆ, ವರ್ಷಕ್ಕೊಮ್ಮೆ ಮಾಡಿಸಿ. ಗುಡ್ಡ ಹತ್ತುವಾಗ ಏದುಸಿರು, ಕಾರಣವಿಲ್ಲದ ಸುಸ್ತು ಕಂಡರೆ ಮೊದಲೇ ಮಾಡಿಸಿ. ಕಬ್ಬಿಣದ ಮಾತ್ರೆಯನ್ನು ಡಾಕ್ಟರು ಹೇಳದೆ ನುಂಗಿಸಬೇಡಿ. ಹರಿವೆ, ನುಗ್ಗೆಸೊಪ್ಪು, ಹುರುಳಿ ಸಾರು ವಾರದಲ್ಲಿ ನಾಲ್ಕು ದಿನ ಇರಲಿ, ಜೊತೆಗೆ ನಿಂಬೆಯೋ ನೆಲ್ಲಿಕಾಯಿಯೋ. ಹುಳಿ ಇದ್ದರೆ ಕಬ್ಬಿಣ ಮೈಗೆ ಹತ್ತುತ್ತದೆ. ಚಹಾ ಕಾಫಿ ಊಟದಿಂದ ಒಂದು ಗಂಟೆ ದೂರ ಇರಲಿ.

ಮುಳ್ಳೇರಿಯ

ಪಪ್ಪಾಯಿ ಎಲೆ ರಸ ಕುಡಿಸಿ, ಕೌಂಟ್ ಬೇಗ ಏರುತ್ತದೆ. ಸೂಜಿ ಚುಚ್ಚಿದಲ್ಲಿ ನೀಲಿಯಾದರೆ ತೆಂಗಿನೆಣ್ಣೆ ಬಿಸಿ ಮಾಡಿ ತಿಕ್ಕಿ.

ಬದಿಯಡ್ಕ ಲ್ಯಾಬ್

ಮುಳ್ಳೇರಿಯದ ಅಣ್ಣ, ಬೇಸರ ಮಾಡಿಕೊಳ್ಳಬೇಡಿ, ಎರಡೂ ಬೇಡ. ಆರೋಗ್ಯವಂತ ದಾನಿಯ ಮೂಳೆಮಜ್ಜೆ ತಾನಾಗಿಯೇ ಎರಡು ಮೂರು ದಿನದಲ್ಲಿ ತುಂಬಿಸುತ್ತದೆ, ಅದಕ್ಕೆ ಯಾವ ರಸದ ಅಗತ್ಯವೂ ಇಲ್ಲ. ನೀಲಿಗಟ್ಟಿದ ಜಾಗವನ್ನು ತಿಕ್ಕಿದರೆ ನರದ ತೂತು ಮತ್ತೆ ತೆರೆದು ರಕ್ತ ಒಳಗೇ ಹರಡುತ್ತದೆ. ಮೊದಲ 24 ಗಂಟೆ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ, ಹತ್ತು ಹದಿನೈದು ನಿಮಿಷದಂತೆ ಮೂರು ನಾಲ್ಕು ಸಲ. ಮರುದಿನದಿಂದ ಹದವಾದ ಬಿಸಿ. ಬಣ್ಣ ನೀಲಿಯಿಂದ ಹಸಿರು, ಹಳದಿಗೆ ತಿರುಗಿ ಒಂದೆರಡು ವಾರದಲ್ಲಿ ಹೋಗುತ್ತದೆ. ಬೆರಳಿಗೆ ಶಾಕ್ ಹೊಡೆದಂಥ ನೋವು, ಮರಗಟ್ಟುವುದು, ಊತ ಹೆಚ್ಚುವುದು, ಕೆಂಪಾಗಿ ಜ್ವರ ಬರುವುದು ಕಂಡರೆ ಬ್ಲಡ್ ಬ್ಯಾಂಕಿಗೆ ಫೋನ್ ಮಾಡಿ ಅದೇ ದಿನ ತೋರಿಸಬೇಕು.

ಮಾತ್ರೆಗಳ ಬಗ್ಗೆಯೂ ಹೇಳಿಬಿಡುತ್ತೇನೆ. ತೋಟದ ಕೆಲಸದವರು ಸೊಂಟನೋವಿಗೆ ಸಿಕ್ಕಿದ ಮಾತ್ರೆ ನುಂಗುತ್ತಾರೆ. ಡಿಸ್ಪ್ರಿನ್, ಇಕೋಸ್ಪ್ರಿನ್ ಎರಡೂ ಆಸ್ಪಿರಿನ್. ಅದು ತಾಗಿದ ಪ್ಲೇಟ್‌ಲೆಟ್ ಬದುಕಿರುವಷ್ಟು ದಿನವೂ ಅಂಟುವ ಗುಣ ಕಳೆದುಕೊಳ್ಳುತ್ತದೆ. ಚೀಲ ತುಂಬಿರುತ್ತದೆ, ರೋಗಿಯ ರಕ್ತಸ್ರಾವ ನಿಲ್ಲುವುದಿಲ್ಲ. ಆಸ್ಪಿರಿನ್ ತಿಂದರೆ 3 ದಿನ ಕೊಡುವಂತಿಲ್ಲ, ರಕ್ತ ಹೆಪ್ಪುಗಟ್ಟದಿರಲು ಕೊಡುವ ಕ್ಲೋಪಿಡೋಗ್ರೆಲ್ ಆದರೆ 2 ವಾರ. ಬ್ರುಫೆನ್, ಕಾಂಬಿಫ್ಲಾಮ್, ನೋವಿನ ಇಂಜೆಕ್ಷನ್ ತೆಗೆದುಕೊಂಡಿದ್ದರೂ ಮುಚ್ಚಿಡದೆ ಹೇಳಬೇಕು. ಮನೆಯಲ್ಲಿ ಇವರಿಗೆಂದು ಬರೀ ಪ್ಯಾರಾಸಿಟಮಾಲ್ ಇರುವ ಒಂದು ಡಬ್ಬಿ ಬೇರೆ ಇಡಿ. ಅಲ್ಲಿಯವರೆಗೆ ಹೋಗಿ ಮಾತ್ರೆಯ ಕಾರಣಕ್ಕೆ ವಾಪಸು ಬರುವುದು ತಪ್ಪುತ್ತದೆ.

ಹಾಳೆಮುಟ್ಟಾಳೆ

ತೋಟದವರ ಮನೆಯಾದ್ದರಿಂದ ಬಂದ ಮೇಲಿನ ಎಚ್ಚರಿಕೆ ನನ್ನಿಂದ.

ಮಳೆಗಾಲದಲ್ಲಿ ಪ್ಲೇಟ್‌ಲೆಟ್‌ಗೆ ಕರೆ ಹೆಚ್ಚು, ಅದೇ ಹೊತ್ತಿಗೆ ಅಡಿಕೆಗೆ ಬೋರ್ಡೋ ಮದ್ದು ಬಿಡುವ ಕೆಲಸ. ಕೊಟ್ಟು ಬಂದ ದಿನವೂ ಮರುದಿನವೂ ಮರ ಹತ್ತಬಾರದು, ಏಣಿಯೂ ಬೇಡ. ತಲೆಸುತ್ತು ಬ್ಲಡ್ ಬ್ಯಾಂಕಿನ ಮಂಚದಲ್ಲೇ ಬರಬೇಕೆಂದಿಲ್ಲ, ನಾಲ್ಕಾರು ಗಂಟೆ ಕಳೆದ ಮೇಲೆ ಬಿಸಿಲಿನಲ್ಲೋ ಬಿಸಿನೀರು ಸ್ನಾನದಲ್ಲೋ ಬರುವುದುಂಟು. ನೆಲದಲ್ಲಿ ಬಂದರೆ ಕೂತರೆ ಸರಿಹೋಗುತ್ತದೆ, ಅಡಿಕೆ ಮರದ ತುದಿಯಲ್ಲಿ ಬಂದರೆ ಏನು ಗತಿ! ಮದ್ದು ಬಿಡುವವರನ್ನು ಆ ಎರಡು ದಿನಕ್ಕೆ ಬೇರೆ ಗೊತ್ತುಮಾಡಿ. ನನ್ನ ಮಟ್ಟಿಗೆ ಇದಕ್ಕಿಂತ ದೊಡ್ಡ ಉಡುಗೊರೆ ಇಲ್ಲ.

ಸೂಜಿ ಹಾಕಿದ ಕೈಯಲ್ಲಿ ಅಡಿಕೆ ಗೋಣಿ, ನೀರಿನ ಕೊಡಪಾನ, ಗ್ಯಾಸ್ ಸಿಲಿಂಡರ್ ಎತ್ತುವುದು ಒಂದು ದಿನ ಬೇಡ. ಪಟ್ಟಿಯನ್ನು ನಾಲ್ಕೈದು ಗಂಟೆ ಬಿಚ್ಚಬೇಡಿ. ಹಿಂದೆ ಬರುವಾಗ ಬೈಕ್ ಬಿಟ್ಟು ಬಸ್ಸಿಗೋ ರೈಲಿಗೋ ಬರಲಿ. ಮನೆ ಮುಟ್ಟಿದಾಗ ಸೀಯಾಳ, ಬೆಲ್ಲ ಹಾಕಿದ ಪುನರ್ಪುಳಿ ಶರಬತ್ತು, ಯಾವುದಾದರೂ ಸರಿ. ನಿಂತುಕೊಂಡೇ ತಲೆ ತಿರುಗಿದರೆ ಕೂಡಲೇ ಮಲಗಿಸಿ ಕಾಲು ಎತ್ತರಿಸಿ ಇಡಿ, ಎಬ್ಬಿಸಿ ನಡೆಸಬೇಡಿ.

ಕೊಡುಗೆ ಎಂದು ಏನಾದರೂ ತೆಗೆದುಕೊಡುವುದಾದರೆ ತೋಳು ಮೊಣಕೈ ಮೇಲಕ್ಕೆ ಸುಲಭವಾಗಿ ಮಡಚಿ ನಿಲ್ಲುವ ಸಡಿಲ ಅಂಗಿ, ದಪ್ಪ ಕಾಲುಚೀಲ, ಒಂದು ಹೊದಿಕೆ. ಹವಾನಿಯಂತ್ರಿತ ಕೋಣೆಯಲ್ಲಿ, ತಣ್ಣಗಾದ ರಕ್ತ ಮೈಗೆ ಮರಳುವಾಗ ಚಳಿ ಹಿಡಿಯುತ್ತದೆ. ಮೈ ಬೆಚ್ಚಗಿದ್ದರೆ ನರವೂ ಚೆನ್ನಾಗಿ ಓಡುತ್ತದೆ.

ಮತ್ತೆ, ತೋಟದಲ್ಲಿ ಬಿದ್ದ ಅಡಿಕೆ ಹಾಳೆಗಳನ್ನು ವಾರಕ್ಕೊಮ್ಮೆ ಹೆಕ್ಕಿ ಕವುಚಿ ಹಾಕಿ. ಹಾಳೆಯಲ್ಲಿ, ಕೊಕ್ಕೋ ಸಿಪ್ಪೆಯಲ್ಲಿ, ರಬ್ಬರ್ ಚಿರಟೆಯಲ್ಲಿ ನಿಂತ ನೀರೇ ಡೆಂಗಿ ಸೊಳ್ಳೆಯ ತೊಟ್ಟಿಲು. ಇವರಿಗೇ ಡೆಂಗಿ ಬಂದರೆ ಗುಣವಾದ ಮೇಲೂ ತಿಂಗಳುಗಟ್ಟಲೆ ಕೊಡಲಾಗುವುದಿಲ್ಲ.

ಶಿರಿಯಾ ಹೊಳೆ

ಫೋನಿನ ಬಗ್ಗೆ ಯಾರೂ ಹೇಳಲಿಲ್ಲ. ದಾನಿಯನ್ನು ನಿಜವಾಗಿ ಬಳಲಿಸುವುದು ಅದು. ವಾಟ್ಸಾಪಿನಲ್ಲಿ ಬಂದ ಕೋರಿಕೆ ಹತ್ತು ಗುಂಪು ಸುತ್ತಿ, ರೋಗಿ ಮನೆಗೆ ಹೋದ ಮೇಲೂ ತಿರುಗುತ್ತಿರುತ್ತದೆ. ಆ ಕರೆಗಳನ್ನು ನೀವು ತೆಗೆದುಕೊಂಡರೆ ಇವರಿಗೆ ಅರ್ಧ ಭಾರ ಇಳಿಯುತ್ತದೆ. ಕೇಳಬೇಕಾದ್ದು ಇಷ್ಟು: ಯಾವ ಆಸ್ಪತ್ರೆ, ಯಾವ ವಾರ್ಡು, ರೋಗಿಯ ಗುಂಪು ಏನು, ಕೌಂಟ್ ಎಷ್ಟು, ಬೇಕಾದ್ದು ಯಂತ್ರದಲ್ಲಿ ತೆಗೆಯುವ ಪ್ಲೇಟ್‌ಲೆಟ್ಟೋ ಇಡೀ ರಕ್ತವೋ, ಯಾವ ದಿನ ಎಷ್ಟು ಗಂಟೆಗೆ. ಆಮೇಲೆ ಆ ಆಸ್ಪತ್ರೆಯ ಬ್ಲಡ್ ಬ್ಯಾಂಕಿಗೇ ಫೋನ್ ಮಾಡಿ ಖಚಿತಪಡಿಸಿಕೊಂಡೇ ಹೊರಡಬೇಕು. ಯಂತ್ರ ಖಾಲಿ ಇದೆಯೇ ಎಂದೂ ಆಗಲೇ ಕೇಳಿ.

ಡೆಂಗಿ ಎಂದ ಕೂಡಲೇ ಎಲ್ಲರಿಗೂ ಪ್ಲೇಟ್‌ಲೆಟ್ ಬೇಕಾಗುವುದಿಲ್ಲ. ರಕ್ತಸ್ರಾವ ಇಲ್ಲದಿದ್ದರೆ ಸಾಮಾನ್ಯವಾಗಿ 10 ಸಾವಿರದ ಕೆಳಗೆ ಇಳಿದಾಗಲೇ ಏರಿಸುವುದು. 40 ಸಾವಿರಕ್ಕೇ ಹೆದರಿದ ಮನೆಯವರು ಡಾಕ್ಟರು ಹೇಳುವ ಮುಂಚೆ ದಾನಿ ಹುಡುಕಲು ಹೊರಡುತ್ತಾರೆ. ಅವರ ಗಾಬರಿ ಸಹಜ, ಸಮಾಧಾನದಿಂದ ಮಾತಾಡಿ. ಆದರೆ ಡಾಕ್ಟರು ಬರೆದುಕೊಡುವವರೆಗೆ ಇವರನ್ನು ಹೊರಡಿಸಬೇಡಿ. ರೋಗಿಯ ಕಡೆಯವರಿಗೆ ಇನ್ನೊಂದನ್ನೂ ತಿಳಿಸಿ. ಎಚ್‌ಐವಿ, ಕಾಮಾಲೆಯ (ಹೆಪಟೈಟಿಸ್) ಬಿ ಮತ್ತು ಸಿ, ಸಿಫಿಲಿಸ್, ಮಲೇರಿಯಾ ಪರೀಕ್ಷೆ ಮುಗಿಯದೆ ಚೀಲ ರೋಗಿಗೆ ಹೋಗುವುದಿಲ್ಲ, ಅದಕ್ಕೆ ಕೆಲವು ಗಂಟೆ ಬೇಕು. ಕೊನೆಯ ಗಳಿಗೆಗೆ ಕರೆದರೆ ಉಪಯೋಗವಿಲ್ಲ.

ದುಡ್ಡಿನ ಲಕೋಟೆ ಹಿಡಿದು ಬರುವವರಿರುತ್ತಾರೆ. ಖಂಡಿತ ಬೇಡ. ಸುಪ್ರೀಂ ಕೋರ್ಟಿನ 1996ರ ತೀರ್ಪಿನ ಮೇಲೆ 1998ರ ಜನವರಿ 1ರಿಂದ ದುಡ್ಡಿಗೆ ರಕ್ತ ಕೊಡುವುದು ನಮ್ಮಲ್ಲಿ ನಿಷೇಧ. ಆಸ್ಪತ್ರೆ ರೋಗಿಯಿಂದ ತೆಗೆದುಕೊಳ್ಳುವುದು ಒಂದೇ ಸಲ ಬಳಸುವ ಕಿಟ್ಟಿನ, ಪರೀಕ್ಷೆಯ ಖರ್ಚು. ಅದರಲ್ಲಿ ದಾನಿಯ ಪಾಲು ಇಲ್ಲ.

ಇದನ್ನು ಓದುವ ಬೇರೆಯವರಿಗೆ: ನಿಮ್ಮ ಗಂಡನೋ ಹೆಂಡತಿಯೋ ಕೇಂದ್ರ ಸರಕಾರದ ನೌಕರರಾದರೆ, ಕೆಲಸದ ದಿನ ರಕ್ತ ಅಥವಾ ಪ್ಲೇಟ್‌ಲೆಟ್ ಕೊಟ್ಟದ್ದಕ್ಕೆ ವರ್ಷಕ್ಕೆ 4 ಸಲ ವಿಶೇಷ ಸಾಂದರ್ಭಿಕ ರಜೆ ಸಿಗುತ್ತದೆ. ಬ್ಲಡ್ ಬ್ಯಾಂಕಿನ ಪ್ರಮಾಣಪತ್ರ ಬೇಕು.

ಪುನರ್ಪುಳಿ, ಪೆರ್ಲ

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ತುಂಬ ಉಪಕಾರವಾಯಿತು. ಇನ್ನೊಂದು ಪ್ರಶ್ನೆ. ಇವರ ಜೊತೆ ನಾನೂ ಪ್ಲೇಟ್‌ಲೆಟ್ ಕೊಡಬಹುದೇ? ವಯಸ್ಸು 36, ತೂಕ 57, ಇಬ್ಬರು ಮಕ್ಕಳು, ಸಣ್ಣವನಿಗೆ 6 ವರ್ಷ.

ಬದಿಯಡ್ಕ ಲ್ಯಾಬ್

ಅಕ್ಕ, ನಿಮ್ಮ ಮನಸ್ಸಿಗೆ ನಮಸ್ಕಾರ. ಆದರೆ ನಿಮಗೆ ಇಡೀ ರಕ್ತವೇ ಸರಿಯಾದ ದಾರಿ. ಬಸುರಿಯಾಗಿದ್ದವರ ಮೈಯಲ್ಲಿ ಮಗುವಿನ ಜೀವಕೋಶಗಳ ವಿರುದ್ಧ ಪ್ರತಿಕಾಯ ಹುಟ್ಟಿರಬಹುದು. ನಿಮಗೆ ಅದರಿಂದ ಯಾವ ತೊಂದರೆಯೂ ಇಲ್ಲ. ಆದರೆ ಪ್ಲೇಟ್‌ಲೆಟ್ ಚೀಲದಲ್ಲಿ ಪ್ಲಾಸ್ಮಾ ಹೆಚ್ಚಿರುವುದರಿಂದ ಆ ಪ್ರತಿಕಾಯ ರೋಗಿಯ ಶ್ವಾಸಕೋಶಕ್ಕೆ ನೀರು ತುಂಬುವಂಥ ಗಂಭೀರ ತೊಂದರೆ ತರಬಹುದು. ಹಾಗಾಗಿ ಅನೇಕ ಕಡೆ ಹೆತ್ತ ತಾಯಂದಿರಿಂದ ಯಂತ್ರದಲ್ಲಿ ಪ್ಲೇಟ್‌ಲೆಟ್ ತೆಗೆಯುವುದಿಲ್ಲ. ಇಡೀ ರಕ್ತವನ್ನು ಹೆಂಗಸರು 4 ತಿಂಗಳಿಗೊಮ್ಮೆ ಕೊಡಬಹುದು, ಹಿಮೋಗ್ಲೋಬಿನ್ 12.5 ಇದ್ದರಾಯಿತು. ಮುಟ್ಟಿನ ದಿನಗಳಲ್ಲಿ ಬೇಡ. ಅದರಿಂದ ಬೇರ್ಪಡಿಸಿದ ಕೆಂಪುಕಣ ಒಬ್ಬರಿಗಂತೂ ಒದಗುತ್ತದೆ.

ಸನ್ಮಾನ ಬೇಡವೆಂದರೆ ಒಂದು ನೂರು ಪುಟದ ಪುಸ್ತಕ ತಂದು ಗೆರೆ ಹಾಕಿ ಕೊಡಿ. ತಾರೀಕು, ಯಾವ ಕೈ, ಮೊದಲಿನ ಕೌಂಟ್, ಹಿಮೋಗ್ಲೋಬಿನ್, ಎಷ್ಟು ನಿಮಿಷ, ತುಟಿ ಜುಮ್ಮೆಂದಿತೋ ಇಲ್ಲವೋ. ಹಳೆ ಪ್ರಮಾಣಪತ್ರಗಳಿಂದ ಹಿಂದಿನ ತಾರೀಕುಗಳನ್ನೂ ನೀವೇ ಕೂತು ತುಂಬಿಸಿ. ಎಡ ಬಲ ಕೈ ಸರದಿಯಂತೆ ಬದಲಾಯಿಸಲು, ಒಂದೇ ಜಾಗ ಗಟ್ಟಿಯಾಗದಂತೆ ನೋಡಿಕೊಳ್ಳಲು ಅದು ಬೇಕು. ಹಿಮೋಗ್ಲೋಬಿನ್ 14.8ರಿಂದ 14.1, 13.4 ಎಂದು ಮೆಲ್ಲಗೆ ಇಳಿಯುತ್ತಿದ್ದರೆ ಆ ಪುಟದಲ್ಲೇ ಕಾಣುತ್ತದೆ. ಮುಂದಿನ ಸಲ ಹೋಗುವಾಗ ಪುಸ್ತಕ ಚೀಲದಲ್ಲಿರಲಿ, ಬಾಳೆಹಣ್ಣಿನ ಜೊತೆ.